ಪಾರ್ಕಿಂಗ್ ಕಾಸಿನಿಂದ ಬಸ್ಸು ಓಡಿಸಬಹುದೇ? ಬೆಂಗಳೂರಿನ ಮಟ್ಟಿಗೆ ಒಂದು ಲೆಕ್ಕ

ಒಂದು ಕಾರು ರಸ್ತೆಬದಿಯಲ್ಲಿ ನಿಲ್ಲಬೇಕೆಂದರೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ಅಂದರೆ 12.5 ಚದರ ಮೀಟರ್, ಹೆಚ್ಚುಕಡಿಮೆ 134 ಚದರ ಅಡಿ. ವ್ಯಾಪಾರದ ಬೀದಿಯಲ್ಲಿ ಇಷ್ಟೇ ಅಳತೆಯ ಮಳಿಗೆ ಹಿಡಿದವರು ಚದರ ಅಡಿಗೆ 100 ರೂಪಾಯಿಯಂತೆ ಕೊಟ್ಟರೂ ತಿಂಗಳಿಗೆ 13,400 ರೂಪಾಯಿ ಬಾಡಿಗೆ ಎಣಿಸಬೇಕು, ಅಡ್ವಾನ್ಸ್ ಬೇರೆ. ಆ ಮಳಿಗೆಯ ಎದುರಿಗೇ ಬೆಳಿಗ್ಗೆ ಹತ್ತಕ್ಕೆ ಬಂದು ನಿಂತ ಕಾರು ರಾತ್ರಿ ಎಂಟರವರೆಗೆ ಅಷ್ಟೇ ಜಾಗವನ್ನು ಪುಕ್ಕಟೆಯಾಗಿ ಹಿಡಿದುಕೊಂಡಿರುತ್ತದೆ.

ಈ ಜಾಗಕ್ಕೆ ತಕ್ಕ ಬೆಲೆ ವಸೂಲಿ ಮಾಡಿ, ಬಂದ ಹಣವನ್ನು ಬಸ್ಸಿಗೆ ಕೊಡಿ ಎಂಬ ಮಾತು ಹೊಸದಲ್ಲ. ಪಾರ್ಕಿಂಗ್ ಶುಲ್ಕವು ನೆಲದ ಬೆಲೆಗೆ ತಕ್ಕಂತಿರಬೇಕು, ಆ ಮೂಲಕ ಸಾರ್ವಜನಿಕ ಸಾರಿಗೆಯತ್ತ ಜನರನ್ನು ಸೆಳೆಯಬೇಕು ಎಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿತ್ತು. ಆಮೇಲೆ ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿತು. 2025ರ ಜನವರಿ 5ರಿಂದ ಬಿಎಂಟಿಸಿ ಟಿಕೆಟ್ ದರ ಶೇ. 15ರಷ್ಟು ಏರಿತು. ಸಾರಿಗೆಗೆ ಹಣ ಸಾಲದೆ ಬಂದಾಗ ಕೈ ಮೊದಲು ಹೋಗಿದ್ದು ಬಸ್ಸಿನಲ್ಲಿ ನಿಂತು ಹೋಗುವವರ ಜೇಬಿಗೆ. ಕಾರು ನಿಲ್ಲಿಸುವವರ ಜೇಬಿನ ಹತ್ತಿರ ಯಾರೂ ಸುಳಿಯಲಿಲ್ಲ. ಇದು ಅನ್ಯಾಯ, ಸರಿಪಡಿಸಲೇಬೇಕಾದ ಅನ್ಯಾಯ.

ಆದರೆ ಸರಿಪಡಿಸುವುದು ಹೇಗೆ ಎನ್ನುವಾಗ ಲೆಕ್ಕ ತಪ್ಪಬಾರದು. ರಸ್ತೆಬದಿಯ ಶುಲ್ಕದಿಂದ ಬರುವ ನಗದು ಜನ ಅಂದುಕೊಂಡಷ್ಟು ದೊಡ್ಡದಲ್ಲ. ದೊಡ್ಡ ಹಣ ಇರುವುದು ಕಚೇರಿಗಳ ಬೇಸ್‌ಮೆಂಟಿನಲ್ಲಿ. ರಸ್ತೆಬದಿಯಿಂದ ಬಸ್ಸಿಗೆ ಸಿಗಬೇಕಾದದ್ದು ಮುಖ್ಯವಾಗಿ ದಾರಿ.

ಅರ್ಧ ಕಿಲೋಮೀಟರ್ ರಸ್ತೆ ಎಷ್ಟು ಕೊಡುತ್ತದೆ?

ಬಿಬಿಎಂಪಿ ಇದ್ದಾಗ ಪಾರ್ಕಿಂಗ್ ರಸ್ತೆಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆ ಮಾಡಿತ್ತು. ಎ ದರ್ಜೆಯ ರಸ್ತೆಯಲ್ಲಿ ಗಂಟೆಗೆ ಕಾರಿಗೆ 30, ದ್ವಿಚಕ್ರ ವಾಹನಕ್ಕೆ 15 ರೂಪಾಯಿ. ಅಂಥ ಒಂದು ರಸ್ತೆಯ 500 ಮೀಟರ್ ಉದ್ದವನ್ನು, ಒಂದೇ ಬದಿಯನ್ನು ತೆಗೆದುಕೊಳ್ಳೋಣ. ರಸ್ತೆಗೆ ಸಮಾನಾಂತರವಾಗಿ ನಿಲ್ಲಿಸುವ ಕಾರಿಗೆ ಒಳಗೆ ಹೊರಗೆ ತಿರುಗಿಸುವ ಜಾಗವೂ ಸೇರಿ ಆರು ಮೀಟರ್ ಬೇಕು. ಕಾಗದದ ಮೇಲೆ 83 ಸ್ಲಾಟ್ ಸಿಗುತ್ತವೆ. ಕಟ್ಟಡಗಳ ಗೇಟು, ಅಡ್ಡರಸ್ತೆಯ ಮೂಲೆ, ಟ್ರಾನ್ಸ್‌ಫಾರ್ಮರ್, ಪಾದಚಾರಿ ದಾಟು, ಬಸ್ ಸ್ಟಾಪ್ ಇವನ್ನೆಲ್ಲ ಕಳೆದರೆ ಉಳಿಯುವುದು ಸುಮಾರು 50.

ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಹನ್ನೆರಡು ಗಂಟೆ, ಅದರಲ್ಲಿ ಶೇ. 60ರಷ್ಟು ಹೊತ್ತಿಗೆ ನಿಜವಾಗಿ ದುಡ್ಡು ಬಂತು ಎಂದಿಟ್ಟುಕೊಂಡರೆ ದಿನಕ್ಕೆ 10,800 ರೂಪಾಯಿ. ವರ್ಷಕ್ಕೆ 300 ದಿನ ಹಿಡಿದರೆ 32.4 ಲಕ್ಷ. ಎರಡು ಪಾಳಿಯ ಸಿಬ್ಬಂದಿ, ಯಂತ್ರ, ಸಾಫ್ಟ್‌ವೇರ್, ಬಣ್ಣ, ರಿಪೇರಿ ಎಂದು 12 ಲಕ್ಷ ಹೋದರೆ ಕೈಯಲ್ಲಿ ಉಳಿಯುವುದು 20 ಲಕ್ಷ.

ಈಗ ಬಸ್ಸಿನ ಕಡೆಯ ಲೆಕ್ಕ. ಒಂದು ಬಸ್ಸು ದಿನಕ್ಕೆ 200 ಕಿ.ಮೀ. ಓಡುತ್ತದೆ, ಕಿಲೋಮೀಟರಿಗೆ ಚಾಲಕ, ಇಂಧನ, ಸವಕಳಿ ಎಲ್ಲ ಸೇರಿ 70 ರೂಪಾಯಿ ಖರ್ಚು ಎಂದುಕೊಳ್ಳಿ. ವರ್ಷಕ್ಕೆ 51 ಲಕ್ಷ. ಟಿಕೆಟ್ ಹಣ, ಪಾಸು, ಶಕ್ತಿ ಯೋಜನೆಯಡಿ ಸರ್ಕಾರ ತುಂಬಿಕೊಡುವ ಮೊತ್ತ ಇವೆಲ್ಲ ಸೇರಿ ಅದರ ಶೇ. 60 ಬಂದರೆ ಕೊರತೆ 20 ಲಕ್ಷ ಚಿಲ್ಲರೆ.

ಅಂದರೆ ಅರ್ಧ ಕಿಲೋಮೀಟರ್ ಒಳ್ಳೆಯ ರಸ್ತೆಯ ಒಂದು ಬದಿ, ಎಲ್ಲ ಸರಿಯಾಗಿ ನಡೆದರೆ, ಒಂದು ಬಸ್ಸಿನ ಕೊರತೆಯನ್ನು ತುಂಬುತ್ತದೆ. ಬಿಎಂಟಿಸಿ ಬಳಿ ಇರುವುದು ಆರು ಸಾವಿರಕ್ಕೂ ಹೆಚ್ಚು ಬಸ್ಸು. ಎ ದರ್ಜೆಯ ದರಕ್ಕೆ ಈ ಪ್ರಮಾಣದಲ್ಲಿ ಗಿರಾಕಿ ಸಿಗುವ ರಸ್ತೆ ಊರಿನಲ್ಲಿ ನೂರು ಕಿಲೋಮೀಟರ್ ಇದೆಯೆಂದರೆ ಅದು ಬಹಳ ಉದಾರವಾದ ಅಂದಾಜು; ಅಷ್ಟಿದ್ದರೂ 200 ಬಸ್ಸು. ಇದನ್ನು ಬೇಡ ಅನ್ನುವ ಹಾಗಿಲ್ಲ. ಆದರೆ 'ಪಾರ್ಕಿಂಗ್ ಶುಲ್ಕ ಹಾಕಿದರೆ ಬಿಎಂಟಿಸಿ ನಷ್ಟ ಮಾಯ' ಎನ್ನುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಶೇ. 60 ಕೂಡ ಯಾಕೆ ಬರುವುದಿಲ್ಲ

ಮೇಲಿನ ಲೆಕ್ಕದಲ್ಲಿ ಎಲ್ಲಕ್ಕಿಂತ ದುರ್ಬಲವಾದದ್ದು ಆ 60. ಹಳೆಯ ಪದ್ಧತಿಯಲ್ಲಿ ಪಾಲಿಕೆ ಒಂದು ರಸ್ತೆಯನ್ನು ವರ್ಷಕ್ಕೆ ಇಂತಿಷ್ಟು ಎಂದು ಗುತ್ತಿಗೆಗೆ ಕೊಡುತ್ತದೆ. ಗುತ್ತಿಗೆದಾರ ಒಂದಷ್ಟು ಹುಡುಗರನ್ನು ರಸೀದಿ ಪುಸ್ತಕ ಕೊಟ್ಟು ನಿಲ್ಲಿಸುತ್ತಾನೆ. ರಸೀದಿ ಕೇಳಿದವರಿಗೆ ಪೂರ್ತಿ ದರ, ಕೇಳದವರಿಗೆ ಹತ್ತು ರೂಪಾಯಿ ಕಡಿಮೆ. ಎಷ್ಟು ಗಾಡಿ ನಿಂತವು ಎಂಬ ಲೆಕ್ಕ ಪಾಲಿಕೆಗೆ ಎಂದೂ ಸಿಗುವುದಿಲ್ಲ. ಲೆಕ್ಕ ಸಿಗದಿದ್ದರೆ ಮುಂದಿನ ಟೆಂಡರಿನ ಮೂಲಬೆಲೆ ಕೂಡ ಕಣ್ಣಂದಾಜೇ. ಗುತ್ತಿಗೆದಾರನಿಗೆ ಆದಷ್ಟು ಗಾಡಿ ತುಂಬುವುದೇ ಲಾಭವಾದ್ದರಿಂದ ಎರಡು ಸಾಲು ಪಾರ್ಕಿಂಗ್, ಫುಟ್‌ಪಾತ್ ಮೇಲೆ ಪಾರ್ಕಿಂಗ್, ಬಸ್ ಸ್ಟಾಪಿನಲ್ಲಿ ಪಾರ್ಕಿಂಗ್ ಎಲ್ಲವೂ ಅದೇ ವ್ಯವಸ್ಥೆಯ ಮಕ್ಕಳು. ಇದಕ್ಕೆ ಮದ್ದು ಸುಲಭ: ವಸೂಲಾದ ಪೂರ್ತಿ ಹಣ ನೇರ ಸರ್ಕಾರಿ ಖಾತೆಗೆ, ನಿರ್ವಾಹಕನಿಗೆ ಪ್ರತಿ ಸ್ಲಾಟಿನ ನಿರ್ವಹಣೆಗೆ ನಿಗದಿತ ಶುಲ್ಕ. ಹೆಚ್ಚು ಗಾಡಿ ತುರುಕಿದರೆ ಅವನಿಗೆ ಒಂದು ಪೈಸೆಯೂ ಹೆಚ್ಚು ಸಿಗಬಾರದು.

ಸೆನ್ಸರ್ ಇಟ್ಟು 'ಸ್ಮಾರ್ಟ್' ಮಾಡಿದಲ್ಲಿ ಬೇರೆ ತೊಂದರೆ. ಪ್ರತಿ ಸ್ಲಾಟಿನ ನೆಲದಲ್ಲಿ ಕೂರಿಸುವ ಸೆನ್ಸರ್ ರಸ್ತೆ ಅಗೆದಾಗ ಕೆಡುತ್ತದೆ, ಡಾಂಬರು ಹಾಕಿದಾಗ ಮುಚ್ಚಿಹೋಗುತ್ತದೆ, ಒಂದು ಸ್ಲಾಟಿನಲ್ಲಿ ಅಡ್ಡಾದಿಡ್ಡಿ ನಿಂತ ನಾಲ್ಕು ಸ್ಕೂಟರನ್ನು ಎಣಿಸಲಾರದು. ನಂಬರ್ ಪ್ಲೇಟ್ ಫೋಟೊ ಹಿಡಿಯುವ ಮೊಬೈಲು ಮತ್ತು ನಡೆದುಕೊಂಡು ಹೋಗುವ ಒಬ್ಬ ಮನುಷ್ಯ ಇದಕ್ಕಿಂತ ಅಗ್ಗ, ಇದಕ್ಕಿಂತ ಖಚಿತ.

ಎಲ್ಲಕ್ಕಿಂತ ದೊಡ್ಡ ತೂತು ದಂಡದ್ದು. ಶುಲ್ಕ ಎತ್ತುವವನಿಗೆ ದಂಡ ಹಾಕುವ ಅಧಿಕಾರವಿಲ್ಲ. ಅದು ಸಂಚಾರ ಪೊಲೀಸರದ್ದು, ಆ ದಂಡದ ಹಣ ರಾಜ್ಯದ ಖಜಾನೆಗೆ. ಟೋಯಿಂಗ್ ಮೇಲಿನ ದೂರುಗಳಿಂದ ಜನ ರೋಸಿಹೋಗಿ 2022ರ ಫೆಬ್ರವರಿಯಲ್ಲಿ ಅದು ನಿಂತಿತು. ಬಾಕಿ ದಂಡಕ್ಕೆ 2023ರಲ್ಲಿ ಒಮ್ಮೆ, 2025ರಲ್ಲಿ ಮತ್ತೆ ಶೇ. 50 ರಿಯಾಯಿತಿ ಕೊಡಲಾಯಿತು. ಚಾಲಕನ ತಲೆಯಲ್ಲಿ ಓಡುವ ಲೆಕ್ಕ ಹೀಗಿರುತ್ತದೆ: ಮೂರು ಗಂಟೆಗೆ ಶುಲ್ಕ 90 ರೂಪಾಯಿ. ಕಟ್ಟದೆ ನಿಲ್ಲಿಸಿದರೆ ಐವತ್ತು ಸಲಕ್ಕೆ ಒಮ್ಮೆ ಸಿಕ್ಕಿಬೀಳಬಹುದು, ದಂಡ ಸಾವಿರವಾದರೆ ಸರಾಸರಿ ಒಂದು ಸಲಕ್ಕೆ 20 ರೂಪಾಯಿ, ರಿಯಾಯಿತಿ ಬಂದರೆ 10. ಹೀಗಿರುವಾಗ ಶುಲ್ಕ ಕಟ್ಟುವವರನ್ನು ಪ್ರಾಮಾಣಿಕರು ಎಂದು ಹೊಗಳಬೇಕೇ ಹೊರತು ಕಟ್ಟದವರನ್ನು ಬೈದು ಪ್ರಯೋಜನವಿಲ್ಲ. ದಂಡದ ಮೊತ್ತ ಏರಿಸುವುದಕ್ಕಿಂತ ಸಿಕ್ಕಿಬೀಳುವ ಸಂಭವವನ್ನು ಐವತ್ತಕ್ಕೆ ಒಂದರಿಂದ ಐದಕ್ಕೆ ಒಂದಕ್ಕೆ ತರುವುದು ಮುಖ್ಯ. ಆಗ 500 ರೂಪಾಯಿ ದಂಡವೂ ಸಾಕು.

ದ್ವಿಚಕ್ರ ವಾಹನದ ದರದ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಸ್ಕೂಟರಿಗೆ ಬೇಕಾದ್ದು ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದ. ಒಂದು ಕಾರಿನ ಜಾಗದಲ್ಲಿ ಐದಾರು ಸ್ಕೂಟರ್ ನಿಲ್ಲುತ್ತವೆ. ಕಾರಿಗೆ 30 ಆದರೆ ಸ್ಕೂಟರಿಗೆ 5 ನ್ಯಾಯ. 15 ಅಂದರೆ ಮೂರು ಪಟ್ಟು. ಡೆಲಿವರಿ ಹುಡುಗರು, ಅಂಗಡಿಯ ಕೆಲಸದವರು, ಸಣ್ಣ ಸಂಬಳದವರು ಓಡಿಸುವುದು ಸ್ಕೂಟರ್. ನೆಲದ ಬೆಲೆ ಎಂಬ ತತ್ವವನ್ನೇ ಎತ್ತಿ ಹಿಡಿಯುವುದಾದರೆ ಅದನ್ನು ಇವರ ಪರವಾಗಿಯೂ ಎತ್ತಿ ಹಿಡಿಯಬೇಕು.

ಬಸ್ ಸ್ಟಾಪಿನ ನಲವತ್ತು ಮೀಟರ್

ಯಾವುದಾದರೂ ಜನನಿಬಿಡ ರಸ್ತೆಯ ಸ್ಟಾಪಿನಲ್ಲಿ ಸಂಜೆ ಆರಕ್ಕೆ ನಿಂತು ನೋಡಿ. ಶೆಲ್ಟರಿನ ಮುಂದೆ ಎರಡು ಕಾರು, ಒಂದು ಗೂಡ್ಸ್ ಆಟೊ, ಸಾಲಾಗಿ ಸ್ಕೂಟರು. ಬಸ್ಸು ಒಳಗೆ ಬರಲಾಗದೆ ರಸ್ತೆಯ ನಡುವೆಯೇ ನಿಲ್ಲುತ್ತದೆ. ಕಾಯುತ್ತಿದ್ದವರು ಸ್ಕೂಟರುಗಳ ಸಂದಿಯಲ್ಲಿ ನುಗ್ಗಿ ಓಡುತ್ತಾರೆ. ಇಳಿಯುವ ಅಜ್ಜಿಗೆ ಫುಟ್‌ಪಾತಿನ ಎತ್ತರದ ಆಸರೆ ಇಲ್ಲ. ಮೆಟ್ಟಿಲಿನಿಂದ ಡಾಂಬರಿಗೆ ಒಂದಡಿಗೂ ಹೆಚ್ಚು ಇಳಿಯಬೇಕು, ಎಡಗಡೆಯಿಂದ ನುಸುಳುವ ಬೈಕನ್ನೂ ನೋಡಿಕೊಳ್ಳಬೇಕು. ಹಿಂದಿನ ಎರಡು ಬಸ್ಸು ಕಾಯುತ್ತವೆ.

ಹನ್ನೆರಡು ಮೀಟರ್ ಉದ್ದದ ಬಸ್ಸು ಫುಟ್‌ಪಾತಿಗೆ ಒತ್ತಿ ನಿಲ್ಲಬೇಕೆಂದರೆ ಅದರ ಉದ್ದದ ಜೊತೆಗೆ ಮುಂಚೆ ಒಳಗೆ ಬರಲು ಹದಿನೈದು ಮೀಟರಿಗಿಂತ ತುಸು ಹೆಚ್ಚು, ಆಮೇಲೆ ಹೊರಗೆ ಹೋಗಲು ಹತ್ತು ಮೀಟರ್ ಖಾಲಿ ಇರಬೇಕು. ಒಟ್ಟು ಸುಮಾರು 40 ಮೀಟರ್, ಅಂದರೆ ಆರೇಳು ಕಾರಿನ ಜಾಗ. ಮೇಲಿನ ದರದಲ್ಲಿ ಆರು ಸ್ಲಾಟಿನ ದಿನದ ಆದಾಯ 1,300 ರೂಪಾಯಿ. ಆ ಸ್ಟಾಪಿಗೆ ಗಂಟೆಗೆ 60 ಬಸ್ಸು ಬರುತ್ತವೆ, ಪ್ರತಿಯೊಂದೂ ಈ ಕಾರುಗಳಿಂದ ಕೇವಲ 20 ಸೆಕೆಂಡ್ ತಡವಾಗುತ್ತದೆ ಎಂದುಕೊಳ್ಳಿ. ಗಂಟೆಗೆ 20 ನಿಮಿಷ, ಹನ್ನೆರಡು ಗಂಟೆಯಲ್ಲಿ ನಾಲ್ಕು ಬಸ್-ಗಂಟೆ ವ್ಯರ್ಥ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಬಸ್ಸಿನ ಒಂದು ಗಂಟೆಯ ಖರ್ಚು 840 ರೂಪಾಯಿ. ನಾಲ್ಕು ಗಂಟೆಗೆ 3,360. ಶುಲ್ಕದಿಂದ ಬಂದದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಹಣವನ್ನು ಅದೇ ಕಾರುಗಳು ಬಿಎಂಟಿಸಿಯಿಂದ ಕಿತ್ತುಕೊಂಡಿವೆ. ಬಸ್ಸಿನೊಳಗೆ ಕೂತ ಐವತ್ತು ಜನರ ಹೊತ್ತನ್ನು ಇನ್ನೂ ಎಣಿಸಿಯೇ ಇಲ್ಲ.

ಇದೇ ಕಾರಣಕ್ಕೆ ಪಾರ್ಕಿಂಗ್ ಸುಧಾರಣೆಯ ಮೊದಲ ಕೆಲಸ ದರಪಟ್ಟಿ ಮಾಡುವುದಲ್ಲ, ಎಲ್ಲೆಲ್ಲಿ ಸ್ಲಾಟ್ ಇರಲೇಬಾರದು ಎಂದು ಗುರುತು ಹಾಕುವುದು. ಒಂದು ಮಾರ್ಗದಲ್ಲಿ ಸರಾಸರಿ ವೇಗ 10ರಿಂದ 12 ಕಿ.ಮೀ.ಗೆ ಏರಿದರೆ ಅಷ್ಟೇ ಬಸ್ಸು, ಅಷ್ಟೇ ಚಾಲಕರಲ್ಲಿ ಸುಮಾರು ಶೇ. 20 ಹೆಚ್ಚು ಟ್ರಿಪ್ ಸಿಗುತ್ತದೆ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ 2019ರ ಅಕ್ಟೋಬರಿನಲ್ಲಿ ಬೊಲಾರ್ಡ್ (ಬೇರೆ ಗಾಡಿ ನುಗ್ಗದಂತೆ ನೆಡುವ ಗಿಡ್ಡ ಕಂಬ) ಹಾಕಿ ಬಿಟ್ಟ ಬಸ್ ಪಥ ಆ ರುಚಿಯನ್ನು ತೋರಿಸಿತ್ತು. ಮೆಟ್ರೊ ಕಾಮಗಾರಿ ಬಂದು ಆ ಪಥ ಉಳಿಯಲಿಲ್ಲ.

ನಾಟಿಂಗ್‌ಹ್ಯಾಮ್ ಮಾಡಿದ್ದು

ಹಣದ ಮಾತಿಗೆ ಬಂದರೆ ನೋಡಬೇಕಾದ ಊರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. ಜನಸಂಖ್ಯೆ ಮೂರು ಲಕ್ಷ ಚಿಲ್ಲರೆ. ಬ್ರಿಟನ್ನಿನ 2000ದ ಸಾರಿಗೆ ಕಾಯ್ದೆ ಸ್ಥಳೀಯ ಆಡಳಿತಗಳಿಗೆ ಕೆಲಸದ ಜಾಗದ ಪಾರ್ಕಿಂಗ್ ಮೇಲೆ ಶುಲ್ಕ ಹಾಕುವ ಅಧಿಕಾರ ಕೊಟ್ಟಿತು. ಹನ್ನೆರಡು ವರ್ಷ ಯಾರೂ ಮುಟ್ಟದಿದ್ದ ಆ ಅಧಿಕಾರವನ್ನು ನಾಟಿಂಗ್‌ಹ್ಯಾಮ್ 2012ರ ಏಪ್ರಿಲಿನಲ್ಲಿ ಬಳಸಿತು. ತನ್ನ ನೌಕರರಿಗೆ ಹನ್ನೊಂದು ಅಥವಾ ಹೆಚ್ಚು ಪಾರ್ಕಿಂಗ್ ಜಾಗ ಕೊಡುವ ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಲೈಸೆನ್ಸ್ ಪಡೆದು ಜಾಗಕ್ಕೆ ಇಂತಿಷ್ಟು ಕಟ್ಟಬೇಕು. ಮೊದಲ ವರ್ಷ 288 ಪೌಂಡ್, ಈಗ 500 ದಾಟಿದೆ. ಹತ್ತು ಜಾಗದವರೆಗೆ ಇರುವವರು ಕಟ್ಟಬೇಕಿಲ್ಲ. ಅಂಗವಿಕಲರ ಜಾಗಕ್ಕೆ, ತುರ್ತು ಸೇವೆಗೆ ವಿನಾಯಿತಿ. ಶುಲ್ಕವನ್ನು ಕಂಪನಿ ತಾನೇ ಹೊರಬಹುದು, ಕಾರು ತರುವ ನೌಕರರ ಮೇಲೂ ಹಾಕಬಹುದು. ಆ ತೀರ್ಮಾನ ಕಂಪನಿಯದು.

ಸುಮಾರು 25,000 ಜಾಗಗಳಿಂದ ವರ್ಷಕ್ಕೆ 90 ಲಕ್ಷ ಪೌಂಡಿನ ಆಸುಪಾಸು ಬರುತ್ತದೆ. ಆ ಹಣವನ್ನು ಸಾರಿಗೆಗಲ್ಲದೆ ಬೇರೆಯದಕ್ಕೆ ಮುಟ್ಟುವಂತಿಲ್ಲ ಎಂದು ಕಾಯ್ದೆಯೇ ಕಟ್ಟಿಹಾಕಿದೆ. 2015ರ ಆಗಸ್ಟಿನಲ್ಲಿ ತೆರೆದ ಟ್ರಾಮ್‌ನ ಎರಡು ಹೊಸ ಮಾರ್ಗಗಳಿಗೆ, ರೈಲು ನಿಲ್ದಾಣದ ನವೀಕರಣಕ್ಕೆ, ವಿದ್ಯುತ್ ಬಸ್ಸುಗಳಿಗೆ ಇದರ ಪಾಲು ಹೋಯಿತು. ಶುಲ್ಕ ಶುರುವಾಗುವ ಮೊದಲೇ ಯಾವ ಮಾರ್ಗಕ್ಕೆ ಹಣ ಹೋಗುತ್ತದೆ ಎಂದು ಹೆಸರು ಹಿಡಿದು ಹೇಳಿದ್ದರು. ಯೋಜನೆ ಉಳಿದದ್ದಕ್ಕೆ ನನ್ನ ಪ್ರಕಾರ ಇದೇ ಮುಖ್ಯ ಕಾರಣ. ವಸೂಲಿಯ ಖರ್ಚು ಕಡಿಮೆ ಎಂಬುದನ್ನೂ ಗಮನಿಸಬೇಕು: ಬಿಸಿಲಿನಲ್ಲಿ ನಿಂತು ರಸೀದಿ ಹರಿಯುವವರು ಬೇಕಿಲ್ಲ, ವರ್ಷಕ್ಕೊಂದು ಅರ್ಜಿ, ಮಧ್ಯೆ ಮಧ್ಯೆ ತಪಾಸಣೆ, ಅಷ್ಟೇ.

ಬೆಂಗಳೂರಿಗೆ ಇದನ್ನು ಹೊಂದಿಸಿ ನೋಡೋಣ. ಇಲ್ಲಿನ ನಕ್ಷೆ ನಿಯಮ ಕಚೇರಿಯ ಪ್ರತಿ 50 ಚದರ ಮೀಟರಿಗೆ ಒಂದು ಕಾರಿನ ಜಾಗ ಕಟ್ಟಲೇಬೇಕು ಎನ್ನುತ್ತದೆ. ಬೇಸ್‌ಮೆಂಟಿನಲ್ಲಿ ಇಳಿಜಾರು, ಓಡಾಟದ ಜಾಗ ಸೇರಿ ಒಂದು ಕಾರಿಗೆ 32 ಚದರ ಮೀಟರ್ ಹಿಡಿಯುತ್ತಾರೆ. ಹೀಗೆ ಮನುಷ್ಯರಿಗೆ 50 ಕಟ್ಟಿದರೆ ಕಾರುಗಳಿಗೆ 32 ಕಟ್ಟಬೇಕು! ಹತ್ತು ಲಕ್ಷ ಚದರ ಅಡಿಯ ಒಂದು ಟೆಕ್ ಪಾರ್ಕಿನಲ್ಲಿ ಈ ನಿಯಮದಂತೆ ಸುಮಾರು 1,850 ಜಾಗ ಇರುತ್ತದೆ. ತಿಂಗಳಿಗೆ ಸಾವಿರ ರೂಪಾಯಿಯಂತೆ ಹಾಕಿದರೆ ಆ ಒಂದೇ ಆವರಣದಿಂದ ವರ್ಷಕ್ಕೆ 2.2 ಕೋಟಿ, ಅಂದರೆ ಎ ದರ್ಜೆಯ ಐದೂವರೆ ಕಿಲೋಮೀಟರ್ ರಸ್ತೆಬದಿಗೆ ಸಮ. ಅಂಥ 50,000 ಜಾಗ ಸೇರಿದರೆ 60 ಕೋಟಿ. ಮೇಲಿನ ಕೊರತೆಯ ಲೆಕ್ಕದಲ್ಲಿ ಸುಮಾರು 290 ಬಸ್ಸು. ಅವುಗಳನ್ನು ಅದೇ ಹೊರ ವರ್ತುಲ ರಸ್ತೆಯಲ್ಲಿ, ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಓಡಿಸಬಹುದು.

ಜಾಗಗಳ ಪಟ್ಟಿ ಮಾಡುವುದು ಕಷ್ಟವಲ್ಲ. ಮಂಜೂರಾದ ನಕ್ಷೆಯಲ್ಲಿ ಪಾರ್ಕಿಂಗ್ ಜಾಗಗಳ ಸಂಖ್ಯೆ ಇದೆ. ಆಸ್ತಿ ತೆರಿಗೆಯ ಸ್ವಯಂ ಘೋಷಣೆಯಲ್ಲಿ ಪಾರ್ಕಿಂಗ್ ವಿಸ್ತೀರ್ಣವನ್ನು ಬೇರೆಯಾಗಿಯೇ ತುಂಬಬೇಕು. ಎರಡನ್ನೂ ಹೋಲಿಸಿದರೆ ಪಾರ್ಕಿಂಗ್ ಎಂದು ತೋರಿಸಿ ಗೋದಾಮು, ಕ್ಯಾಂಟೀನ್ ಮಾಡಿಕೊಂಡವರೂ ಹೊರಬರುತ್ತಾರೆ. ಕಷ್ಟ ಇರುವುದು ಎರಡು ಕಡೆ. ಒಂದು, ಹೊಸ ಶುಲ್ಕಕ್ಕೆ ಶಾಸನದ ಬಲ ಬೇಕು. ಪಾಲಿಕೆಯ ಬರೀ ಸುತ್ತೋಲೆ ಹೈಕೋರ್ಟಿನ ಮೆಟ್ಟಿಲಲ್ಲೇ ಬೀಳುತ್ತದೆ. ಎರಡು, 'ಜಾಗ ಕಟ್ಟಲೇಬೇಕು' ಎಂದು ಒಂದು ಕೈಯಲ್ಲಿ ಬಲವಂತ ಮಾಡಿ ಇನ್ನೊಂದು ಕೈಯಲ್ಲಿ ಅದಕ್ಕೇ ಶುಲ್ಕ ಕೇಳುವುದು ನ್ಯಾಯವಲ್ಲ. ಆದ್ದರಿಂದ ಕನಿಷ್ಠ ಪಾರ್ಕಿಂಗ್ ನಿಯಮವನ್ನು ಮೊದಲು ತೆಗೆಯಬೇಕು. ಜಾಗ ಮುಚ್ಚಿ ಬೇರೆ ಬಳಕೆಗೆ ಕೊಟ್ಟವರಿಗೆ ಶುಲ್ಕವೂ ಇಳಿಯಬೇಕು. ಶುಲ್ಕ ಕಡಿಮೆಯಾದರೆ ಸೋತಂತಲ್ಲ. ಅಷ್ಟು ಕಾರು ಕಡಿಮೆಯಾಯಿತು ಎಂದರ್ಥ.

ದುಡ್ಡು ಯಾರ ಖಾತೆಗೆ?

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1999ರ ಮತದಾನದ ಫಲವಾಗಿ ಬಸ್-ಟ್ರಾಮ್ ಓಡಿಸುವ ಇಲಾಖೆ ಮತ್ತು ಪಾರ್ಕಿಂಗ್ ಇಲಾಖೆ ಒಂದೇ ಸಂಸ್ಥೆಯಾದವು. ರಸ್ತೆಬದಿಯ ಪಾರ್ಕಿಂಗ್ ಶುಲ್ಕ ಎತ್ತುವ ಮೀಟರಿನ ಹಣವೂ ಬಸ್ಸಿನ ಖರ್ಚೂ ಒಂದೇ ಮೇಜಿನ ಮೇಲೆ ಇದ್ದುದರಿಂದ ಬಸ್ ಪಥಕ್ಕಾಗಿ ಹತ್ತು ಸ್ಲಾಟ್ ತೆಗೆಯುವ ತೀರ್ಮಾನ ಒಳಗೊಳಗಿನ ಲೆಕ್ಕವಾಯಿತು. 2011ರಲ್ಲಿ ಅದೇ ಸಂಸ್ಥೆ ಬೀದಿ ಬೀದಿಗೆ ಬೇಡಿಕೆ ಅಳೆದು, ಶೇ. 60ರಿಂದ 80 ತುಂಬಿರುವಂತೆ ದರವನ್ನು ಸ್ವಲ್ಪ ಸ್ವಲ್ಪವೇ ಏರಿಳಿಸಿತು. ಕೊನೆಗೆ ಸರಾಸರಿ ದರ ತುಸು ಇಳಿದೇ ಹೋಯಿತು, ಯಾಕೆಂದರೆ ಬೇಡಿಕೆ ಇಲ್ಲದ ಬೀದಿಗಳೂ ಇದ್ದವು. ಆದರೆ ಕೋವಿಡ್ ಬಂದಾಗ ಟಿಕೆಟ್ ಹಣ, ಪಾರ್ಕಿಂಗ್ ಹಣ ಎರಡೂ ಒಟ್ಟಿಗೇ ಕುಸಿದವು. ಸಂಬಳಕ್ಕೆ ಪಾರ್ಕಿಂಗ್ ಆದಾಯವನ್ನು ನೆಚ್ಚಿಕೊಳ್ಳಬಾರದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಹೊಸ ಮಾರ್ಗ, ಹೆಚ್ಚುವರಿ ಟ್ರಿಪ್, ಸ್ಟಾಪಿನ ನೆಲ ಎತ್ತರಿಸುವುದು, ಇಂಥವಕ್ಕೆ ಅದು ತಕ್ಕ ಹಣ.

ಬೆಂಗಳೂರಿನಲ್ಲಿ ಮೇಜುಗಳು ಬೇರೆ ಬೇರೆ. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಿವೆ. ರಸ್ತೆಬದಿಯ ಪಾರ್ಕಿಂಗ್ ಪಾಲಿಕೆಗಳದ್ದು. ಬಿಎಂಟಿಸಿ ರಾಜ್ಯದ ಸಾರಿಗೆ ಇಲಾಖೆಯ ಕೆಳಗಿನ ನಿಗಮ. ದಂಡ ಪೊಲೀಸರದ್ದು. ಇವರನ್ನೆಲ್ಲ ಕೂಡಿಸಬೇಕಾದ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರಕ್ಕೆ 2022ರಲ್ಲೇ ಕಾಯ್ದೆ ಆಗಿದೆ. ಪಾರ್ಕಿಂಗ್ ಹಣವನ್ನು ಪಾಲಿಕೆಯ ಸಾಮಾನ್ಯ ಖಾತೆಗೆ ಬಿಟ್ಟರೆ ಅದು ಕಸದ ಬಿಲ್ಲಿನಲ್ಲೋ ಸಾಲದ ಬಡ್ಡಿಯಲ್ಲೋ ಕರಗುತ್ತದೆ. ಬಿಎಂಟಿಸಿಗೆ ಸುಮ್ಮನೆ ಅನುದಾನವಾಗಿ ಕೊಟ್ಟರೆ ರಾಜ್ಯ ಸರ್ಕಾರ ಅಷ್ಟನ್ನು ತನ್ನ ನೆರವಿನಲ್ಲಿ ಕಡಿಮೆ ಮಾಡಿ ಕೈತೊಳೆದುಕೊಳ್ಳಬಹುದು. ಹಾಗಾಗಿ ಹಣ ಪ್ರತ್ಯೇಕ ಖಾತೆಗೆ ಹೋಗಿ, ಅಲ್ಲಿಂದ ಕಿಲೋಮೀಟರ್ ಲೆಕ್ಕದಲ್ಲಿ ಬಸ್ ಸೇವೆ ಖರೀದಿಸಬೇಕು: ಇಂಥ ಮಾರ್ಗ, ಇಂತಿಷ್ಟು ಹೆಚ್ಚುವರಿ ಟ್ರಿಪ್, ಓಡಿದ್ದು ಜಿಪಿಎಸ್‌ನಲ್ಲಿ ಕಂಡರೆ ಮಾತ್ರ ಪಾವತಿ. ನನ್ನ ಎಣಿಕೆಯಲ್ಲಿ ನಿವ್ವಳ ಹಣದ ಮೂರನೇ ಒಂದು ಭಾಗ ಅದೇ ಬೀದಿಯ ಫುಟ್‌ಪಾತ್, ದೀಪ, ಶೌಚಾಲಯಕ್ಕೆ ಉಳಿಯಬೇಕು. ಅಮೆರಿಕದ ಪ್ಯಾಸಡಿನಾ ನಗರದ ಹಳೆಯ ಪೇಟೆಯ ವ್ಯಾಪಾರಿಗಳು 1993ರಲ್ಲಿ ಪಾರ್ಕಿಂಗ್ ಮೀಟರಿಗೆ ಒಪ್ಪಿದ್ದು ಹಣ ತಮ್ಮ ಬೀದಿಗೇ ಬರುತ್ತದೆ ಎಂಬ ಕರಾರಿನ ಮೇಲೆ.

ನಮ್ಮ ವ್ಯಾಪಾರಿಗಳಿಗೆ ಒಂದು ಭಯವಿದೆ: ಶುಲ್ಕ ಹಾಕಿದರೆ ಗಿರಾಕಿ ಮಾಲ್‌ಗೆ ಹೋಗುತ್ತಾನೆ. ಈ ಭಯಕ್ಕೆ ಉತ್ತರ ಭಾಷಣದಲ್ಲಿಲ್ಲ, ಸಮೀಕ್ಷೆಯಲ್ಲಿದೆ. ಒಂದು ವಾರದ ದಿನ, ಒಂದು ಶನಿವಾರ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಅರ್ಧ ಗಂಟೆಗೊಮ್ಮೆ ಅದೇ ಬೀದಿಯಲ್ಲಿ ನಡೆದು ಪ್ರತಿ ಸ್ಲಾಟಿನ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಬೇಕು. ಇಬ್ಬರು, ಒಂದು ರಟ್ಟು, ಒಂದು ಹಾಳೆ ಸಾಕು. ಒಂದೇ ನಂಬರ್ ಹತ್ತು ಗಂಟೆ ಕಂಡರೆ ಅದು ಗಿರಾಕಿಯದಲ್ಲ. ಬಹುತೇಕ ಸಲ ಅಂಗಡಿಯವರದ್ದೇ, ಪಕ್ಕದ ಕಚೇರಿಯವರದ್ದೇ. ಆ ಜಾಗದಲ್ಲಿ ದಿನಕ್ಕೆ ಎಂಟು ಗಿರಾಕಿಗಳ ಕಾರು ಬಂದು ಹೋಗಬಹುದಿತ್ತು ಎಂಬುದನ್ನು ಅವರದೇ ಬೀದಿಯ ಹಾಳೆ ಹಿಡಿದು ತೋರಿಸಿದಾಗ ಮಾತುಕತೆಯ ಧಾಟಿಯೇ ಬದಲಾಗುತ್ತದೆ.

ವಸತಿ ಬೀದಿಗಳದ್ದು ಬೇರೆ ಕಥೆ. ಬೆಂಗಳೂರಿಗೆಂದು ಸರ್ಕಾರ ಮಾಡಿದ ಪಾರ್ಕಿಂಗ್ ನೀತಿ 2.0 ಮನೆ ಮುಂದೆ ನಿಲ್ಲಿಸುವ ಸಣ್ಣ ಕಾರಿಗೆ ವರ್ಷಕ್ಕೆ 1,000, ದೊಡ್ಡದಕ್ಕೆ 5,000 ರೂಪಾಯಿಯ ಪರವಾನಗಿ ಸೂಚಿಸಿತ್ತು. ದೊಡ್ಡ ಕಾರಿಗೂ ದಿನಕ್ಕೆ 14 ರೂಪಾಯಿ ದಾಟುವುದಿಲ್ಲ. 2021ರಲ್ಲಿ ಗದ್ದಲವಾಗಿ ಅದು ಮೂಲೆಗೆ ಸೇರಿತು. ಬಸ್ಸಿನ ಹಣದ ದೃಷ್ಟಿಯಿಂದ ಅದನ್ನು ಈಗಲೇ ಕೆದಕುವ ಅಗತ್ಯವಿಲ್ಲ.

ಹೊಸ ಕಾಯ್ದೆಗೆ ಕಾಯದೆ ಈ ವರ್ಷವೇ ಶುರುಮಾಡಬಹುದಾದ್ದು ಒಂದು ಮಾರ್ಗ. ಬಸ್ಸು ಹೆಚ್ಚಿರುವ ಯಾವುದಾದರೂ ಆರೇಳು ಕಿಲೋಮೀಟರ್ ಹಿಡಿದು, ಪ್ರತಿ ಸ್ಟಾಪಿನ 40 ಮೀಟರಿಗೆ ಹಳದಿ ಪಟ್ಟೆ ಬಳಿದು, ಸ್ಟಾಪಿನ ಎರಡೂ ತುದಿಗೆ ನಾಲ್ಕು ನಾಲ್ಕು ಬೊಲಾರ್ಡ್ ನೆಟ್ಟು, ಉಳಿದ ಸ್ಲಾಟುಗಳಿಗೆ ಗುರುತು ಮತ್ತು ದರ ಹಾಕಬೇಕು. ಬೊಲಾರ್ಡ್‌ಗಳ ನಡುವೆ ಒಂದೂವರೆ ಮೀಟರಿಗಿಂತ ಹೆಚ್ಚು ಸಂದಿ ಬಿಟ್ಟರೆ ಅಲ್ಲಿ ಕಾರು ತೂರುತ್ತದೆ, ತೀರ ಕಿರಿದು ಮಾಡಿದರೆ ಗಾಲಿಕುರ್ಚಿ ತೂರುವುದಿಲ್ಲ. ಶುಲ್ಕದ ರಸೀದಿಯ ಕೆಳಗೆ, ಈ ಬೀದಿಯ ಹಣದಿಂದ ಹೆಚ್ಚುವರಿಯಾಗಿ ಓಡುವ ಬಸ್ಸಿನ ನಂಬರ್ ಮತ್ತು ಅದು ಆ ಸ್ಟಾಪಿಗೆ ಬರುವ ಹೊತ್ತು ಅಚ್ಚಾಗಿರಬೇಕು.